ದಕ್ಷಿಣಚಿತ್ರ: ಮಕ್ಕಳ ಕೈಗೂ ಕೆಲಸ ಕೊಡುವ ವಸ್ತುಸಂಗ್ರಹಾಲಯ

ಚೆನ್ನೈನಿಂದ ಮಹಾಬಲಿಪುರಕ್ಕೆ ಹೋಗುವ ಪೂರ್ವ ಕರಾವಳಿ ರಸ್ತೆಯಲ್ಲಿ, ನಗರದಿಂದ ಸುಮಾರು 25 ಕಿ.ಮೀ. ದೂರದ ಮುಟ್ಟುಕಾಡಿನಲ್ಲಿರುವ ದಕ್ಷಿಣಚಿತ್ರವನ್ನು ಶಾಲಾ ವಯಸ್ಸಿನ ಮಕ್ಕಳಿರುವ ಎಲ್ಲ ಕುಟುಂಬಗಳೂ ಒಮ್ಮೆ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಡೆಬೋರಾ ತ್ಯಾಗರಾಜನ್ ಅವರು 1984ರಲ್ಲಿ ಸ್ಥಾಪಿಸಿದ ಮದ್ರಾಸ್ ಕ್ರಾಫ್ಟ್ ಫೌಂಡೇಶನ್ ನಡೆಸುತ್ತಿರುವ ಈ ಸಂಗ್ರಹಾಲಯವು 1996ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದರ ವಿನ್ಯಾಸದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಪಾತ್ರವಿದೆ. ದಕ್ಷಿಣದ ಹಳ್ಳಿ ಪಟ್ಟಣಗಳಲ್ಲಿ ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಕೊಂಡು, ಕಂಬ, ತೊಲೆ, ಬಾಗಿಲುಗಳನ್ನು ಒಂದೊಂದಾಗಿ ಬಿಚ್ಚಿ ತಂದು, ನುರಿತ ಕುಶಲಕರ್ಮಿಗಳಿಂದ ಇಲ್ಲಿ ಮತ್ತೆ ಕಟ್ಟಿಸಿದ್ದಾರೆ.

ಮಕ್ಕಳ ದೃಷ್ಟಿಯಿಂದ ಈ ಸ್ಥಳದ ದೊಡ್ಡ ಗುಣವೆಂದರೆ, ಕೈಕೆಲಸ ಮತ್ತು ಅದು ಹುಟ್ಟಿದ ಮನೆ ಇಲ್ಲಿ ಒಂದೇ ಆವರಣದಲ್ಲಿ ಸಿಗುತ್ತವೆ. ಕುಂಬಾರರ ಮನೆಯ ಅಂಗಳ ಎಷ್ಟು ಅಗಲ, ಮಡಕೆಯನ್ನು ಒಣಗಿಸಲು ನೆರಳು ಎಲ್ಲಿ ಬೇಕು ಎಂಬುದನ್ನು ಕಣ್ಣಾರೆ ಕಂಡ ಮಗು, ಅನಂತರ ತಿಗರಿಯ ಮುಂದೆ ಕುಳಿತು ಜೇಡಿಮಣ್ಣಿಗೆ ಕೈ ಹಾಕಿದಾಗ, ತಾನು ಮಾಡುತ್ತಿರುವುದು ಬಿಡುವಿನ ಆಟವಲ್ಲ, ಒಂದು ಕುಟುಂಬದ ಜೀವನೋಪಾಯ ಎಂಬುದನ್ನು ಯಾರೂ ಹೇಳದೆಯೇ ಅರಿಯುತ್ತದೆ. ಮಣ್ಣಿನ ಮುದ್ದೆ ತಿಗರಿಯ ನಡುವಿನಲ್ಲಿ ನಿಲ್ಲದಿದ್ದರೆ ಗೋಡೆ ಓರೆಯಾಗುತ್ತದೆ. ನೀರು ಹೆಚ್ಚಾದರೆ ಕುಸಿಯುತ್ತದೆ. ಬೆರಳಿನ ಒತ್ತಡ ಒಂದೇ ಸಮನಾಗಿರಬೇಕು. ಈ ಮೂರು ಸಂಗತಿಗಳು ಪಾಠದ ಮೂಲಕ ಎಂದೂ ಮನಸ್ಸಿಗಿಳಿಯುವುದಿಲ್ಲ. ತಾಳೆಗರಿಯ ಹೆಣಿಗೆ, ಬುಟ್ಟಿ ಹೆಣೆಯುವುದು ಮೊದಲಾದ ಇತರ ಕೆಲಸಗಳನ್ನೂ ಇಲ್ಲಿ ಪ್ರಯತ್ನಿಸಬಹುದು; ಚಿಕ್ಕ ಮಕ್ಕಳಿಗೆ ಅವು ತಿಗರಿಗಿಂತ ಸುಲಭ.

ಕನ್ನಡಿಗರು ಇಳಕಲ್‌ನ ನೇಕಾರರ ಮನೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಬಯಲುಸೀಮೆಯ ಕಲ್ಲಿನ ಗೋಡೆಯ ಈ ಮನೆಯನ್ನು ಕೇರಳದ ಮರದ ಮನೆಗಳ ಪಕ್ಕದಲ್ಲಿ ನೋಡಿದಾಗ, ಮಳೆ ಮತ್ತು ಬಿಸಿಲು ಮನೆಯ ರೂಪವನ್ನು ಹೇಗೆ ನಿರ್ಧರಿಸುತ್ತವೆ ಎಂಬುದು ಹತ್ತು ವರ್ಷದ ಮಗುವಿಗೂ ಹೊಳೆಯುತ್ತದೆ. ಇಳಕಲ್ ಸೀರೆಯ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹಾಸುವ ಎಳೆಗಳು) ಮತ್ತು ಸೆರಗಿನ ಹಾಸನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಮನೆಯಲ್ಲಿ ಅಜ್ಜಿಯ ಇಳಕಲ್ ಸೀರೆಯಿದ್ದರೆ ಹೊರಡುವ ಮೊದಲೇ ಆ ಜೋಡಣೆಯನ್ನು ಮಕ್ಕಳ ಬೆರಳಿಗೆ ಮುಟ್ಟಿಸಿ, ಆಮೇಲೆ ಈ ಮನೆಯನ್ನು ತೋರಿಸಿ. ಚಿಕ್ಕಮಗಳೂರಿನಿಂದ ತಂದ ಮನೆಯೂ ಇಲ್ಲಿದೆ. ಕರ್ನಾಟಕವೆಂದರೆ ಒಂದೇ ಬಗೆಯ ನಾಡಲ್ಲ ಎಂಬುದಕ್ಕೆ ಈ ಎರಡು ಮನೆಗಳೇ ಸಾಕ್ಷಿ.

ಕೆಲವು ಮಾತುಗಳನ್ನು ಪೋಷಕರು ಮೊದಲೇ ತಿಳಿದಿರಬೇಕು. ಆವರಣ ಬಹುಮಟ್ಟಿಗೆ ಬಯಲಿನಲ್ಲಿರುವುದರಿಂದ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಕ್ಕಳಿಗೆ ತ್ರಾಸವಾಗುತ್ತದೆ. ಡಿಸೆಂಬರ್, ಜನವರಿ ಉತ್ತಮ. ಮಂಗಳವಾರ ರಜೆ. ಕೆಲವು ಕೈಕೆಲಸಗಳಿಗೆ ಪ್ರವೇಶ ಟಿಕೆಟ್ಟಿನ ಜೊತೆಗೆ ಪ್ರತ್ಯೇಕ ಶುಲ್ಕವಿರುತ್ತದೆ. ಆ ಹಣ ಕೊಡುವುದಕ್ಕೆ ಹಿಂಜರಿಯಬಾರದು ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಮಗುವಿಗೆ ಕಲಿಸುವವರು ಆ ಕೆಲಸವನ್ನೇ ನಂಬಿ ಬದುಕಿರುವವರು.

ಇದಕ್ಕಿಂತ ಮುಖ್ಯವಾದುದು ಸಮಯದ ಪ್ರಶ್ನೆ. ಕೆಲವೇ ನಿಮಿಷಗಳಲ್ಲಿ ತಿಗರಿಯಿಂದ ಮೇಲೇಳುವ ಕುಡಿಕೆಯಲ್ಲಿ ಮಗುವಿನ ಕೈಗಿಂತ ಕುಂಬಾರರ ಕೈಯೇ ಹೆಚ್ಚು ಕೆಲಸ ಮಾಡಿರುತ್ತದೆ. ಆದ್ದರಿಂದ ಎಲ್ಲ ಕೆಲಸಗಳನ್ನೂ ಒಂದೊಂದು ಸಲ ಮುಟ್ಟಿಸಿ ಫೋಟೊ ತೆಗೆದು ಮುಂದೆ ಸಾಗುವ ಬದಲು, ಮಗುವಿಗೆ ಇಷ್ಟವಾದ ಒಂದನ್ನೇ ಆರಿಸಿಕೊಂಡು, ಅದು ಕೆಡುವವರೆಗೆ, ಕೆಟ್ಟಿದ್ದನ್ನು ಮತ್ತೆ ಮಾಡುವವರೆಗೆ ಬಿಡುವುದು ಸರಿ. ಶಾಲೆಯಿಂದ ಮಕ್ಕಳನ್ನು ಕರೆತರುವ ಶಿಕ್ಷಕರಿಗಂತೂ ಇದು ಹೆಚ್ಚು ಅನ್ವಯಿಸುತ್ತದೆ: ತರಗತಿಯನ್ನು ಸಣ್ಣ ಗುಂಪುಗಳಾಗಿ ಹಂಚಿ, ಒಂದು ಗುಂಪು ಮನೆಗಳನ್ನು ನೋಡುವಾಗ ಇನ್ನೊಂದು ಗುಂಪು ಕೆಲಸ ಮಾಡುವಂತೆ ಸಂಸ್ಥೆಯೊಡನೆ ಮುಂಚಿತವಾಗಿಯೇ ಮಾತಾಡಿಕೊಂಡು ಬಂದರೆ, ಪ್ರತಿ ಮಗುವಿಗೂ ಮಣ್ಣು ಮುಟ್ಟಲು ಬೇಕಾದಷ್ಟು ಹೊತ್ತು ಸಿಗುತ್ತದೆ.