ಗಮ್, ಗುಳಿಗೆ, ಪ್ಯಾಚ್: ವಿಜಯಪುರದ ಬಿಸಿಲಿನಲ್ಲಿ ನಾನು ಮಾಡಿ ನೋಡಿದ ಹೋಲಿಕೆ

22 ವರ್ಷ ಸಿಗರೇಟು ಸೇದಿದ ನಾನು ಅದನ್ನು ಬಿಡಲೆಂದು ಕಳೆದ ದೀಪಾವಳಿಯ ನಂತರ ಹುಡುಕಲು ಹೊರಟಿದ್ದು ಗಮ್ಮನ್ನಾಗಲಿ ಪ್ಯಾಚನ್ನಾಗಲಿ ಅಲ್ಲ, ಎಲೆಕ್ಟ್ರಾನಿಕ್ ಸಿಗರೇಟನ್ನು. ಸೊಲ್ಲಾಪುರದ ಮದುವೆಯೊಂದರಲ್ಲಿ ಹಳೆಯ ಗೆಳೆಯನೊಬ್ಬ ತನ್ನದನ್ನು ಕೈಗಿತ್ತಾಗ ಎರಡು ಸಲ ಎಳೆದಿದ್ದೆ. ಮಾವಿನ ಶರಬತ್ತಿನಂಥ ಸಿಹಿ ಆವಿ ಗಂಟಲಿಗಿಳಿಯಿತು. ಬೂದಿ ಉದುರಲಿಲ್ಲ, ಬೆರಳಿಗೆ ವಾಸನೆ ಅಂಟಲಿಲ್ಲ, ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಮೂಗು ಮುಚ್ಚಿಕೊಳ್ಳಲಿಲ್ಲ. ಊರಿಗೆ ಮರಳಿದ ಮೇಲೆ ಒಂದು ವಾರ ರಾತ್ರಿ ಮೊಬೈಲ್ ಹಿಡಿದು, ಸೇದಿ ಎಸೆಯುವ ಬಗೆ ಒಳ್ಳೆಯದೋ, ದ್ರವ ತುಂಬಿಸಿಕೊಳ್ಳುವ ಬಗೆ ಒಳ್ಳೆಯದೋ ಎಂದು ಹೋಲಿಸುತ್ತ ಕುಳಿತಿದ್ದೆ.

ಆ ಹೋಲಿಕೆ ಕಾನೂನಿನ ಬಾಗಿಲಿಗೆ ಬಂದು ನಿಂತಿತು. ಕರ್ನಾಟಕದಲ್ಲಿ ಇದರ ಮಾರಾಟಕ್ಕೆ 2016ರಲ್ಲೇ ತಡೆ ಬಿದ್ದಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು, ಅದೇ ವರ್ಷ ಅದು ಕಾಯ್ದೆಯೂ ಆಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಮಾರಾಟದಂಥ ಅಪರಾಧಕ್ಕೆ ಮೊದಲ ಸಲ ಒಂದು ವರ್ಷದವರೆಗಿನ ಸೆರೆ, ಅಥವಾ 1 ಲಕ್ಷ ರೂಪಾಯಿಯವರೆಗಿನ ದಂಡ, ಅಥವಾ ಎರಡೂ ಆಗಬಹುದು. ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ಇದೇ ಸಾಧನವನ್ನು ಆರೋಗ್ಯ ಸೇವೆಯವರೇ ಸೂಚಿಸುತ್ತಾರೆ ಎಂಬ ಮಾತು ನಿಜ. ಆದರೆ ಅಲ್ಲಿ ಪ್ರತಿಯೊಂದು ಸರಕೂ ನೋಂದಣಿಯಾಗಬೇಕು, ದ್ರವದಲ್ಲಿ ನಿಕೋಟಿನ್ (ತಂಬಾಕಿನಲ್ಲಿ ಚಟ ಹಿಡಿಸುವ ಅಂಶ) ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಇಲ್ಲಿ ಕದ್ದು ಮಾರುವವನ ಡಬ್ಬಿಯೊಳಗೆ ಏನಿದೆ, ಎಷ್ಟಿದೆ ಎಂಬುದಕ್ಕೆ ಅವನ ಬಾಯಿಮಾತೇ ಆಧಾರ. ಆದ್ದರಿಂದ ಆ ಸಾಧನವನ್ನು ಹೋಲಿಕೆಯಿಂದ ಹೊರಗಿಟ್ಟು, ಮೆಡಿಕಲ್ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ ಮೂರು ವಸ್ತುಗಳನ್ನು, ಅಂದರೆ ಅಗಿಯುವ ಗಮ್, ಚೀಪುವ ಗುಳಿಗೆ, ಚರ್ಮಕ್ಕೆ ಅಂಟಿಸುವ ಪ್ಯಾಚ್ ಇವನ್ನು, ಒಂದರ ನಂತರ ಒಂದರಂತೆ ಬಳಸಿ ನೋಡಿದೆ. ಮೂರರಲ್ಲೂ ಇರುವುದು ನಿಕೋಟಿನ್ನೇ. ಹೊಗೆಯೊಂದಿಗೆ ಬರುವ ಡಾಂಬರು, ಕಾರ್ಬನ್ ಮೊನಾಕ್ಸೈಡು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈ ಬಗೆಯ ಚಿಕಿತ್ಸೆಯನ್ನು 2009ರಲ್ಲಿ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನನ್ನ ಸ್ಥಿತಿಯನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಫಲಿತಾಂಶವೆಲ್ಲ ಅದರ ಮೇಲೆ ನಿಂತಿದೆ. ನಾನು ಒಣದ್ರಾಕ್ಷಿ ವ್ಯಾಪಾರಿಗಳ ಲೆಕ್ಕ ಬರೆಯುವವನು, ವಯಸ್ಸು 43, ದಿನಕ್ಕೆ 14 ಸಿಗರೇಟು, ಮೊದಲನೆಯದು ಎದ್ದ ಕಾಲು ಗಂಟೆಯೊಳಗೆ, ಚಹಾದ ಕಪ್ಪಿನ ಜತೆಗೆ. ಪರಿಚಯದ ವೈದ್ಯರು ಕೇಳಿದ ಮೊದಲ ಪ್ರಶ್ನೆಯೂ ಅದೇ: ಎದ್ದು ಎಷ್ಟು ಹೊತ್ತಿಗೆ ಸೇದುತ್ತೀರಿ? ಅರ್ಧ ಗಂಟೆಯೊಳಗೆ ಎನ್ನುವವರಿಗೆ 4 ಮಿಲಿಗ್ರಾಂ ಗಮ್, ಆಮೇಲೆ ಎನ್ನುವವರಿಗೆ 2 ಮಿಲಿಗ್ರಾಂ ಎಂಬುದು ರೂಢಿ. ನಮ್ಮಲ್ಲಿ 2ರದ್ದು ಚೀಟಿಯಿಲ್ಲದೆ ಸಿಗುತ್ತದೆ, 4ಕ್ಕೆ ವೈದ್ಯರ ಚೀಟಿ ಬೇಕು. ಗರ್ಭಿಣಿಯರು ಮತ್ತು ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಇವುಗಳಲ್ಲಿ ಯಾವುದನ್ನೂ ಮುಟ್ಟಬಾರದು.

ಡಿಸೆಂಬರಿನಲ್ಲಿ 4 ಮಿಲಿಗ್ರಾಂ ಗಮ್ಮಿನಿಂದ ಆರಂಭಿಸಿದೆ. ಹಣ ಎಣಿಸಿಕೊಳ್ಳುತ್ತಲೇ ಅಂಗಡಿಯ ಹುಡುಗ, “ಸರ, ಇದನ್ನ ಬಬಲ್ ಗಮ್ ಹಂಗ ಅಗೀಬ್ಯಾಡ್ರಿ. ನಾಲಿಗಿ ಚುರ್ ಅಂದ ಕೂಡ್ಲೆ ಗಲ್ಲದಾಗ ಇಟ್ಟು ಬಿಡ್ರಿ” ಎಂದು ಹೇಳಿದ್ದ. ಈ ವಿಷಯದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸಲಹೆ ಅದೇ ಎಂದು ತಿಳಿಯಲು ಮೂರು ದಿನ ಬೇಕಾಯಿತು. ಅಷ್ಟರವರೆಗೆ ನಾನು ಅದನ್ನು ಎಡೆಬಿಡದೆ ಅಗಿದು, ಊರಿದ ರಸವನ್ನೆಲ್ಲ ನುಂಗಿ, ಬಿಕ್ಕಳಿಕೆ ಮತ್ತು ಎದೆಯುರಿಯಿಂದ ಒದ್ದಾಡಿ, ಈ ವಸ್ತುವೇ ಸರಿಯಿಲ್ಲವೆಂದು ಮನೆಯಲ್ಲಿ ತೀರ್ಪು ಕೊಟ್ಟಾಗಿತ್ತು. ಗಮ್ಮಿನ ನಿಕೋಟಿನ್ ಒಳಗೆ ಹೋಗಬೇಕಾದದ್ದು ಗಲ್ಲದ ಒಳಚರ್ಮದ ಮೂಲಕ. ಹೊಟ್ಟೆಗೆ ಇಳಿದದ್ದು ಹೆಚ್ಚಿನ ಪಾಲು ವ್ಯರ್ಥ, ಮೇಲೆ ಉರಿಯ ಕಾಟ. ನಿಧಾನವಾಗಿ ಕಚ್ಚಬೇಕು, ಮೆಣಸಿನಂಥ ಚುರುಕು ಬಂದೊಡನೆ ಗಲ್ಲಕ್ಕೂ ವಸಡಿಗೂ ನಡುವೆ ತಳ್ಳಿ ಸುಮ್ಮನಾಗಬೇಕು, ಚುರುಕು ಇಳಿದ ಮೇಲೆ ಮತ್ತೆ ಕಚ್ಚಿ, ಇನ್ನೊಂದು ಬದಿಯಲ್ಲಿಡಬೇಕು. ಹೀಗೆ ಅರ್ಧ ಗಂಟೆ ಬಾಳುತ್ತದೆ.

ಹಳ್ಳಿಯಿಂದ ಬಂದಿದ್ದ ಕಾಕಾ ಇದನ್ನು ನೋಡಿ, “ಏ ತಮ್ಮಾ, ಇದು ನಾವು ತಂಬಾಕ ಹಿಡಿಯೂ ಹಂಗ ಐತೆಲ್ಲೋ” ಎಂದು ನಕ್ಕರು. ಅವರ ಮಾತು ತಮಾಷೆಯಾದರೂ ಚರಿತ್ರೆಗೆ ಹತ್ತಿರವಾದದ್ದು. ಜಲಾಂತರ್ಗಾಮಿಗಳಲ್ಲಿ ಸಿಗರೇಟು ಹಚ್ಚುವಂತಿಲ್ಲದ ಸ್ವೀಡನ್ನಿನ ನಾವಿಕರು ಬಾಯಲ್ಲಿಡುವ ತಂಬಾಕಿನಿಂದ ಕಾಲ ಕಳೆಯುತ್ತಿದ್ದರು. 1967ರಲ್ಲಿ ಈ ಸಂಗತಿ ಓವೆ ಫೆರ್ನೊ ಎಂಬ ವಿಜ್ಞಾನಿಯ ಕಿವಿಗೆ ಬಿದ್ದು, ತಂಬಾಕಿಲ್ಲದೆ ನಿಕೋಟಿನ್ ಮಾತ್ರ ಇರುವ ಗಮ್ಮಿನ ಯೋಚನೆ ಹುಟ್ಟಿತು. ತಂಬಾಕಿನ ಕತೆಯಲ್ಲಿ ನಮ್ಮ ಊರಿಗೂ ಒಂದು ಪಾಲಿದೆ. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಮೊಘಲ ದೂತ ಅಸದ್ ಬೇಗನು, ತಾನು ಹಿಂದೆ ಕಂಡಿರದ ತಂಬಾಕನ್ನು ಬಿಜಾಪುರದಿಂದಲೇ ಒಯ್ದು ಅಕ್ಬರನ ಮುಂದಿಟ್ಟನು. ಅಕ್ಬರನು ಕೆಲವು ದಮ್ಮು ಎಳೆದನಾದರೂ ಆಸ್ಥಾನದ ಹಕೀಮನು ಬೇಡವೆಂದನು. ನಾಲ್ಕು ಶತಮಾನದ ಮೇಲೂ ಹಕೀಮರು ಅದೇ ಮಾತನ್ನೇ ಹೇಳುತ್ತಿದ್ದಾರೆ.

ಗಮ್ಮಿನ ನಿಜವಾದ ಶತ್ರು ವಿಜಯಪುರದಲ್ಲಿ ಲಿಂಬೆಹಣ್ಣು. ಬಾಯಿಯಲ್ಲಿ ಹುಳಿಯಿದ್ದರೆ ನಿಕೋಟಿನ್ ಗಲ್ಲದ ಮೂಲಕ ಹೀರಲ್ಪಡುವುದಿಲ್ಲ. ಆದ್ದರಿಂದ ಗಮ್ ಹಾಕಿಕೊಳ್ಳುವ 15 ನಿಮಿಷ ಮೊದಲಿನಿಂದ ಬಾಯಿಂದ ತೆಗೆಯುವವರೆಗೆ ಕಾಫಿ, ಸೋಡಾ, ಹಣ್ಣಿನ ರಸ ಕುಡಿಯಬಾರದೆಂಬ ನಿಯಮವಿದೆ. ಇಂಡಿ ತಾಲ್ಲೂಕಿನ ಲಿಂಬೆ ಬೆಳೆಯುವ ಜಿಲ್ಲೆಯಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ. ಅಂಗಡಿಗೆ ಹೋದರೆ ಲಿಂಬು ಶರಬತ್ತು, ಊಟಕ್ಕೆ ಕುಳಿತರೆ ರೊಟ್ಟಿಯ ಜತೆ ಮಜ್ಜಿಗೆ. ಸಂಕ್ರಾಂತಿಯಲ್ಲಿ ಸಿದ್ಧೇಶ್ವರ ಜಾತ್ರೆಯ ದಿನ ಲಿಂಬು ಸೋಡಾ ಕುಡಿದ ಬೆನ್ನಿಗೇ ಗಮ್ ಹಾಕಿಕೊಂಡು, ಅದು ಕೆಲಸ ಮಾಡುತ್ತಿಲ್ಲವೆಂದು ಇನ್ನೊಂದು ಹಾಕಿಕೊಂಡು, ಕೊನೆಗೆ ಒಂದು ಸಿಗರೇಟು ಹಚ್ಚಿಯೇ ಬಿಟ್ಟೆ. ನಿಯಮ ಪಾಲಿಸಿದ ದಿನಗಳಲ್ಲಿ ಮಾತ್ರ ಗಮ್ಮು ಮಾತಿಗೆ ತಪ್ಪಲಿಲ್ಲ. ಸಿಗರೇಟಿನ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳಿಗೆ ಮುಟ್ಟುತ್ತದೆ, ಗಮ್ಮಿನದು ಏರಲು ಇಪ್ಪತ್ತು ಮೂವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಆದ್ದರಿಂದ ತಲಬು ಬಂದ ಮೇಲೆ ಬಾಯಿಗೆ ಹಾಕುವುದಕ್ಕಿಂತ ಬರುವ ಹೊತ್ತನ್ನು ತಿಳಿದು ಮೊದಲೇ ಹಾಕಿಕೊಳ್ಳುವುದು ಲೇಸು. ಮೊದಲ ಆರು ವಾರ ಒಂದೆರಡು ಗಂಟೆಗೊಂದು ಎಂಬ ಲೆಕ್ಕದ ಹಿಂದಿನ ತರ್ಕವೂ ಅದೇ. ನಾನು ದಿನಕ್ಕೆ 10 ಬಳಸಿದೆ. ಒಂದಕ್ಕೆ ಹತ್ತು ರೂಪಾಯಿಯ ಆಸುಪಾಸು ಬಿತ್ತು, ಸಿಗರೇಟಿನ ಖರ್ಚಿಗಿಂತ ಕಡಿಮೆಯೇ. ಕಟ್ಟಿಸಿದ ಹಲ್ಲಿನವರಿಗೆ ಮಾತ್ರ ಇದು ಒಗ್ಗದು, ಅಂಟಿಕೊಳ್ಳುತ್ತದೆ.

ಫೆಬ್ರವರಿಯಲ್ಲಿ ಚೀಪುವ ಗುಳಿಗೆಗೆ ಬದಲಾಯಿಸಿದೆ. ಇದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕಚ್ಚುವಂತಿಲ್ಲ, ನುಂಗುವಂತಿಲ್ಲ, ಆಗಾಗ ಬದಿ ಬದಲಿಸುತ್ತ ಕರಗಲು ಬಿಟ್ಟರೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮುಗಿಯುತ್ತದೆ. ಪೂರ್ತಿ ಕರಗುವುದರಿಂದ ಅದೇ ಬಲದ ಗಮ್ಮಿಗಿಂತ ಸ್ವಲ್ಪ ಹೆಚ್ಚು ನಿಕೋಟಿನ್ ದೊರೆಯುತ್ತದೆ. ಹುಳಿಯ ಪಥ್ಯ ಇದಕ್ಕೂ ಉಂಟು. ವ್ಯಾಪಾರಿಗಳೆದುರು ಕುಳಿತು ದವಡೆ ಆಡಿಸುವ ಮುಜುಗರ ತಪ್ಪಿತೆಂಬುದು ದೊಡ್ಡ ಲಾಭ. ಆದರೆ ಗಮ್ಮಿನಲ್ಲಿ ಬಾಯಿಗೆ ಒಂದು ಕೆಲಸವಿತ್ತು, ಸಾಕೆನಿಸಿದರೆ ತೆಗೆದು ಕಾಗದದಲ್ಲಿ ಸುತ್ತಿ ಎಸೆಯಬಹುದಿತ್ತು. ಗುಳಿಗೆಯಲ್ಲಿ ಆ ಹಿಡಿತ ನನಗೆ ಸಿಗಲಿಲ್ಲ. ಮಾರ್ಚ್ ಬಂದಿತು, ವರ್ಷದ ಲೆಕ್ಕ ಮುಗಿಸುವ ರಾತ್ರಿಗಳು ಬಂದವು, ಗುಳಿಗೆಯ ಡಬ್ಬಿ ಮೇಜಿನ ಮೇಲಿರುವಾಗಲೇ ನಾನು ಮತ್ತೆ 14 ಸಿಗರೇಟಿಗೆ ಮರಳಿದ್ದೆ. ಈ ಸೋಲು ಗುಳಿಗೆಯದೋ ಮಾರ್ಚಿನದೋ ಎಂದು ಬಿಡಿಸಿ ಹೇಳಲಾರೆ. ಆದ್ದರಿಂದ ಈ ಹೋಲಿಕೆಯಲ್ಲಿ ಗುಳಿಗೆಗೆ ಸ್ವಲ್ಪ ಅನ್ಯಾಯವಾಗಿರಬಹುದು.

ಪ್ಯಾಚ್ ಹಚ್ಚಿಕೊಂಡದ್ದು ಏಪ್ರಿಲಿನಲ್ಲಿ. ದಿನಕ್ಕೆ 10ಕ್ಕಿಂತ ಹೆಚ್ಚು ಸೇದುವವರು 24 ಗಂಟೆಯಲ್ಲಿ 21 ಮಿಲಿಗ್ರಾಂ ಬಿಡುವ ಪ್ಯಾಚಿನಿಂದ ಆರಂಭಿಸಿ ಆರು ವಾರದ ಮೇಲೆ 14ಕ್ಕೆ, ಮತ್ತೆರಡು ವಾರದ ಮೇಲೆ 7ಕ್ಕೆ ಇಳಿಯಬೇಕು. ಕೂದಲಿಲ್ಲದ, ಒಣಗಿದ ಚರ್ಮದ ಮೇಲೆ, ತೋಳಿನ ಮೇಲ್ಭಾಗದಲ್ಲೋ ಎದೆಯ ಮೇಲೋ, ದಿನಕ್ಕೊಂದು ಹೊಸ ಜಾಗದಲ್ಲಿ ಅಂಟಿಸಬೇಕು. ಗುಣದ ಮಾತು ಮೊದಲು ಹೇಳುತ್ತೇನೆ: ಇದರಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಬೆಳಿಗ್ಗೆ ಅಂಟಿಸಿದರೆ ಲಿಂಬೆಯ ಚಿಂತೆಯಿಲ್ಲ, ಮಜ್ಜಿಗೆಯ ಚಿಂತೆಯಿಲ್ಲ, ಗಡಿಯಾರ ನೋಡುವ ಕೆಲಸವಿಲ್ಲ. ದಿನವಿಡೀ ಒಳಗೊಳಗೆ ಕೊರೆಯುವ ಸಿಡುಕುತನ ಅರ್ಧಕ್ಕರ್ಧ ಇಳಿಯಿತೆಂದು ಹೆಂಡತಿಯೇ ಸಾಕ್ಷಿ ನುಡಿದಳು.

ಆದರೆ ನಮ್ಮ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿದು ಇದನ್ನು ಮಾಡಿದಂತಿಲ್ಲ. ಉಷ್ಣಾಂಶ 40 ಡಿಗ್ರಿ ದಾಟಿದ ಮಧ್ಯಾಹ್ನ, ಗಾಂಧಿ ಚೌಕದಿಂದ ಗೋಳಗುಮ್ಮಟದ ಕಡೆಗೆ ಬೈಕಿನಲ್ಲಿ ಹೋಗಿ ಬರುವಷ್ಟರಲ್ಲಿ ಬೆವರಿನಿಂದ ಪ್ಯಾಚಿನ ಅಂಚು ಎದ್ದು, ಅಂಗಿಯ ತೋಳಿಗೆ ಅಂಟಿಕೊಂಡಿರುತ್ತಿತ್ತು. ಮೇಲೆ ಬಟ್ಟೆಯ ಪಟ್ಟಿ ಸುತ್ತಿ ನೋಡಿದೆ, ಕೆಳಗಿನ ಚರ್ಮ ಕೆಂಪಾಗಿ ತುರಿಸಿತು. ಇದಕ್ಕಿಂತ ಗಮನಿಸಬೇಕಾದ ಸಂಗತಿ ಬೇರೆಯಿದೆ: ಚರ್ಮ ಕಾದಷ್ಟೂ ಅದರ ಮೂಲಕ ಔಷಧ ಒಳಗಿಳಿಯುವ ವೇಗ ಹೆಚ್ಚುತ್ತದೆ. ಹಾಗಾಗಿ ಪ್ಯಾಚಿನ ಮೇಲೆ ಶಾಖ ಕೊಡಬಾರದೆನ್ನುತ್ತಾರೆ, ನಮ್ಮ ಬಿಸಿಲನ್ನು ಯಾರು ತಡೆಯಬೇಕು? ಎರಡು ದಿನ ಮಧ್ಯಾಹ್ನ ತಲೆ ತಿರುಗಿ ಹೊಟ್ಟೆ ತೊಳಸಿದಾಗ ನಾನು ಬಿಸಿಲನ್ನು ದೂರಿದೆ, ವೈದ್ಯರು ಬಿಸಿಲು, ಪ್ಯಾಚು ಎರಡನ್ನೂ ಕೂಡಿಸಿ ನೋಡಿದರು. ರಾತ್ರಿ ವಿಚಿತ್ರವಾದ, ಬಣ್ಣಬಣ್ಣದ ಕನಸುಗಳು ಬಿದ್ದದ್ದೂ ಪ್ಯಾಚಿನ ಪರಿಣಾಮವೇ. ಮಲಗುವ ಮುನ್ನ ತೆಗೆದಿಡತೊಡಗಿದ ಮೇಲೆ ನಿಂತವು. ಹಾಗೆ ತೆಗೆದರೆ ನಸುಕಿನ ತಲಬು ಮಾತ್ರ ಹಲ್ಲು ಮಸೆದು ಕಾಯುತ್ತಿರುತ್ತದೆ. ಮೇ ನಡುವಿನಲ್ಲಿ ಬಿಟ್ಟುಬಿಟ್ಟೆ.

ಹೀಗೆ ಮೂರನ್ನೂ ಒಂದೊಂದಾಗಿ ಮಾಡಿ ನೋಡಿದ್ದೇ ನನ್ನ ತಪ್ಪು ಲೆಕ್ಕವೆಂದು ಜೂನಿನಲ್ಲಿ ತಿಳಿಯಿತು. ನಿಧಾನವಾಗಿ ಹರಿಯುವ ಪ್ಯಾಚು, ಬೇಗನೆ ಒದಗುವ ಗಮ್ಮು ಎರಡೂ ಕೂಡಿದರೆ ಒಂದನ್ನೇ ನೆಚ್ಚಿಕೊಂಡದ್ದಕ್ಕಿಂತ ಹೆಚ್ಚು ಜನ ಬಿಡುತ್ತಾರೆ ಎಂಬುದು ವೈದ್ಯಲೋಕದಲ್ಲಿ ಸ್ಥಿರಪಟ್ಟ ಮಾತು. ಮೊದಲ ಮಳೆ ಬಿದ್ದು ಹವೆ ತಂಪಾದ ಮೇಲೆ, ವೈದ್ಯರ ಮಾತಿನಂತೆ ಹಗಲಿಗೆ 21ರ ಪ್ಯಾಚ್, ಎದ್ದ ಕೂಡಲೇ ಮತ್ತು ಮಧ್ಯಾಹ್ನದ ಊಟವಾದ ಮೇಲೆ 2 ಮಿಲಿಗ್ರಾಂ ಗಮ್ ಎಂದು ಗೊತ್ತುಮಾಡಿಕೊಂಡೆ. ಊಟದ ಮಜ್ಜಿಗೆಯಾದ ಬಳಿಕ ನೀರು ಮುಕ್ಕಳಿಸಿ, ಕಾಲು ಗಂಟೆ ಅಂಗಳದಲ್ಲಿ ಓಡಾಡಿ, ಆಮೇಲೆ ಗಮ್. ಎರಡನೆಯ ವಾರ ಕೈ ನಡುಗುವಷ್ಟು ಮನಸ್ಸು ಎಳೆದಾಗ 1800-11-2356 ಎಂಬ ರಾಷ್ಟ್ರೀಯ ತಂಬಾಕು ಸಹಾಯವಾಣಿಗೆ ಕರೆ ಮಾಡಿದೆ. ದುಡ್ಡು ಬೀಳಲಿಲ್ಲ, ಮತ್ತು ಆ ಹತ್ತು ನಿಮಿಷದಲ್ಲಿ ಎಳೆತವೂ ಇಳಿಯಿತು. ಆಗಸ್ಟ್ ನಡುವಿನಲ್ಲಿ 7ರ ಪ್ಯಾಚೂ ಮುಗಿಯಿತು.

ಈಗ ಯಾರಾದರೂ ಕೇಳಿದರೆ, ಡಿಸೆಂಬರಿನಿಂದ ಫೆಬ್ರವರಿಯೊಳಗೆ ಅಥವಾ ಮಳೆಗಾಲದಲ್ಲಿ ಎರಡನ್ನೂ ಕೂಡಿಸಿ ಆರಂಭಿಸಿರೆಂದು ಹೇಳುತ್ತೇನೆ. ಒಂದನ್ನೇ ಕೊಳ್ಳುವ ಶಕ್ತಿಯಿರುವವರಿಗೆ ಗಮ್ಮೇ ಸರಿ, ಏಕೆಂದರೆ ಪ್ಯಾಚ್ ಬಹಳ ತುಟ್ಟಿ ಮತ್ತು ನಮ್ಮ ಊರಿನ ಕೆಲವು ಅಂಗಡಿಗಳಲ್ಲಿ ನನಗೆ ಅದು ಸಿಗಲಿಲ್ಲ. ಎರಡು ಸಲ ತರಿಸಿಕೊಡಿ ಎಂದು ಹೇಳಿ ನಾಲ್ಕು ದಿನ ಕಾಯಬೇಕಾಯಿತು. ಬಳಸಿದ ಪ್ಯಾಚಿನಲ್ಲೂ ನಿಕೋಟಿನ್ ಉಳಿದಿರುತ್ತದೆ, ಅಂಟು ಒಳಮುಖವಾಗಿ ಮಡಚಿ, ಮಕ್ಕಳ ಕೈಗೆ ಸಿಗದಂತೆ ಎಸೆಯಬೇಕು.

ನನ್ನದಿನ್ನೂ ಪೂರ್ತಿ ಮುಗಿದಿಲ್ಲ. ಊಟದ ನಂತರದ ಗಮ್ಮು ಸೆಪ್ಟೆಂಬರಿನಲ್ಲೇ ನಿಂತಿತು, ಆದರೆ ಬೆಳಗಿನದು ಗಮ್ಮಿಗೆ ಹೇಳುವ ಹನ್ನೆರಡು ವಾರದ ಗಡುವು ದಾಟಿಯೂ ಉಳಿದಿದೆ. ಸಿಗರೇಟಿಗೆ ಮರಳುವುದಕ್ಕಿಂತ ಇದೇ ಇರಲಿ, ನಿಧಾನವಾಗಿ ಬಿಡೋಣ ಎಂದು ವೈದ್ಯರು ಅಂದಿದ್ದಾರೆ. ಚಹಾದಿಂದ ಕಾಲು ಗಂಟೆ ದೂರ ಇಡಬೇಕಾದ್ದರಿಂದ ಈಗ ಎದ್ದ ಕೂಡಲೇ ಗಮ್, ಅದು ಮುಗಿದ ಮೇಲೆ ಚಹಾ. ಕಳೆದ ವಾರದಿಂದ ಗಮ್ಮನ್ನು ಕತ್ತರಿಯಿಂದ ಅರ್ಧ ಮಾಡಿ ಹಾಕಿಕೊಳ್ಳುತ್ತಿದ್ದೇನೆ.