ಹಿತ್ತಲಿಗೆ ಗ್ಯಾಸ್ ಗ್ರಿಲ್: ಹೊಳಪು ನೋಡಬೇಡಿ, ಬರ್ನರ್ ನೋಡಿ

ಗ್ಯಾಸ್ ಗ್ರಿಲ್ ಹಾಳಾಗುವುದು ಒಳಗಿನಿಂದ. ಮುಚ್ಚಳ ಮಿರಮಿರ ಮಿಂಚುತ್ತಲೇ ಇರುತ್ತದೆ, ಕೆಳಗೆ ತೆಳು ತಗಡಿನ ಬರ್ನರ್ ಕೊಳವೆಯನ್ನು ತುಕ್ಕು ತಿನ್ನುತ್ತಿರುತ್ತದೆ. ಸಣ್ಣ ತೂತುಗಳು ಒಂದಕ್ಕೊಂದು ಕೂಡಿ ದೊಡ್ಡ ಬಾಯಾಗುತ್ತವೆ. ಉರಿ ಅಲ್ಲೇ ನುಗ್ಗುತ್ತದೆ, ಉಳಿದ ಕಡೆ ಕಾವೇ ಇರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಮೊದಲು ಅಡುಗೆ ಇಡುವ ಸರಳು ಎತ್ತಿ, ಅದರಡಿಯ ಮಡಚಿದ ತಗಡನ್ನೂ ಎತ್ತಿ, ಬರ್ನರನ್ನು ಕೈಯಲ್ಲಿ ಹಿಡಿದು ನೋಡಿ. ಬೆರಳಲ್ಲಿ ಒತ್ತಿದರೆ ಬಳುಕುವಂಥದ್ದು ಬೇಡ.

‘ಅಯಸ್ಕಾಂತ ಅಂಟಲ್ಲ ನೋಡಿ ಸಾರ್, ಒಳ್ಳೇ ಸ್ಟೀಲು’ ಎಂಬ ಮಾತಿಗೆ ಪೂರ್ತಿ ಮರುಳಾಗಬೇಡಿ. ಒಳ್ಳೆಯ 304 ಗ್ರೇಡಿನ ಸ್ಟೀಲಿಗೆ ಅಂಟುವುದಿಲ್ಲ ನಿಜ, ಆದರೆ ಅಗ್ಗದ 202ಕ್ಕೂ ಅಂಟುವುದಿಲ್ಲ. 202ರಲ್ಲಿ ನಿಕ್ಕಲ್ ಕಡಿಮೆ, ಅದರ ಬದಲು ಮ್ಯಾಂಗನೀಸ್. ಉಪ್ಪು, ಹುಳಿ, ಕಾವು ಮೂರೂ ಸೇರಿದರೆ ಅದು ಬೇಗ ಸೋಲುತ್ತದೆ. ಬಿಲ್ಲಿನಲ್ಲಿ ‘304’ ಎಂದು ಬರೆಸಿಕೊಳ್ಳಿ. ಬರೆಯಲು ಹಿಂದೇಟು ಹಾಕಿದರೆ ಉತ್ತರ ಸಿಕ್ಕಂತೆಯೇ.

ಕೋಲಾರದ ಕಡೆ ಇದು ಇನ್ನೂ ಮುಖ್ಯ. ಇಲ್ಲಿ ಗ್ರಿಲ್ ತಂದರೆ ಕೋಳಿಯ ಜೊತೆಗೆ ಟೊಮೆಟೊ, ಬದನೆಕಾಯಿಯನ್ನೂ ಗೊಜ್ಜಿಗೆ ಸುಡದೆ ಬಿಡುವವರು ಕಡಿಮೆ. ಸಿಪ್ಪೆ ಬಿರಿದು ಟೊಮೆಟೊ ರಸ ಸುರಿದರೆ ಎರಡು ಕೆಡುಕು: ಎಣ್ಣೆ ಸವರಿ ಪಳಗಿಸಿದ ಎರಕದ ಸರಳಿನ ಪದರ ಕಿತ್ತುಬರುತ್ತದೆ, ಬರ್ನರ್ ತೂತಿನ ಮೇಲೆ ರಸ ಸುಟ್ಟು ಗಟ್ಟಿಯಾಗುತ್ತದೆ. ಟೊಮೆಟೊವನ್ನು ತೊಟ್ಟಿನ ಭಾಗ ಮೇಲಾಗಿ ತಟ್ಟೆಯಲ್ಲಿಟ್ಟು ಸುಡಿ. ಇಲ್ಲವೇ ಎನಾಮಲ್ ಲೇಪಿಸಿದ ಎರಕದ ಸರಳಿರುವುದನ್ನೇ ಕೊಳ್ಳಿ. ಅಡುಗೆ ಮುಗಿದ ಮೇಲೆ ಮುಚ್ಚಳ ಹಾಕಿ ಹತ್ತು ನಿಮಿಷ ಜೋರು ಉರಿ ಕೊಟ್ಟು, ಬಿಸಿಯಿರುವಾಗಲೇ ಬ್ರಷ್ ಹಾಕಿ. ಬೋರ್‌ವೆಲ್ ನೀರು ಸುರಿದು ತೊಳೆಯಬೇಡಿ. ಗಡಸು ನೀರಿನ ಬಿಳಿ ಪೊರೆ ತೂತುಗಳಲ್ಲೂ ಕೂರುತ್ತದೆ.

ಇನ್ನು ಯಾವುದು ಕೊಳ್ಳಬೇಕು? ನಾಲ್ಕೈದು ಜನರ ಮನೆಗೆ ವೆಬರ್ ಕ್ಯೂ 2200 ಮಾದರಿಯದ್ದು ಸಾಕು. ಮೈ ಎರಕದ ಅಲ್ಯೂಮಿನಿಯಂ, ಹಾಗಾಗಿ ಕಬ್ಬಿಣದಂತೆ ತುಕ್ಕು ಹಿಡಿಯುವ ಮಾತೇ ಇಲ್ಲ. 280 ಚದರ ಇಂಚು ಸರಳಿಗೆ ಗಂಟೆಗೆ 12,000 ಬಿಟಿಯು (ಕಾವಿನ ಅಳತೆ), ಅಂದರೆ ಚದರ ಇಂಚಿಗೆ 43 ಮಾತ್ರ. ಅದೇ ಕಂಪನಿಯ ಮೂರು ಬರ್ನರಿನ ಸ್ಪಿರಿಟ್ II ಇ-310ರಲ್ಲಿ 424 ಚದರ ಇಂಚಿಗೆ 30,000, ಚದರ ಇಂಚಿಗೆ 71. ಲೆಕ್ಕದಲ್ಲಿ ಕ್ಯೂ ಸೋತಂತೆ ಕಂಡರೂ ದಪ್ಪ ಎರಕ, ತಗ್ಗು ಮುಚ್ಚಳ ಕಾವನ್ನು ಹಿಡಿದಿಡುತ್ತವೆ. ಬಿಟಿಯು ಜಾಸ್ತಿ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು ಗ್ಯಾಸಿನ ಖರ್ಚಿನ ಲೆಕ್ಕವೇ ಹೊರತು ಗಟ್ಟಿತನದ ಲೆಕ್ಕವಲ್ಲ. ಕ್ಯೂನ ಕೊರತೆ ಬೇರೆ: ಒಂದೇ ಬರ್ನರ್. ಒಂದು ಪಕ್ಕ ಉರಿ, ಇನ್ನೊಂದು ಪಕ್ಕ ಬರೀ ಕಾವು ಇಟ್ಟು ಇಡೀ ಕೋಳಿ ಬೇಯಿಸಬೇಕೆಂದರೆ ಎರಡು ಅಥವಾ ಮೂರು ಬರ್ನರಿನದ್ದೇ ಬೇಕು. (ನಾಟಿ ಕೋಳಿಯಾದರೆ ಯಾವುದರಲ್ಲೂ ನೇರವಾಗಿ ಇಡಬೇಡಿ, ಮೊದಲು ಅರೆಬೇಯಿಸಿಕೊಳ್ಳಿ.)

ತುಮಕೂರಿನಲ್ಲಿ ಫ್ಯಾಬ್ರಿಕೇಶನ್ ಶೆಡ್ಡಿನವರ ಹತ್ತಿರ ಮಾಡಿಸುವುದೂ ಉಂಟು. ಪೆಟ್ಟಿಗೆಗೆ 2 ಮಿ.ಮೀ. ತಗಡು, ಸರಳಿಗೆ 8 ಮಿ.ಮೀ. ರಾಡು ಹೇಳಿದರೆ ಮೈಯೇನೋ ಗಟ್ಟಿಯಾಗಿ ಬರುತ್ತದೆ. ಎಡವಟ್ಟಾಗುವುದು ಬರ್ನರಿನಲ್ಲಿ: ಪೈಪಿಗೆ ಕೈಯಳತೆಯಲ್ಲಿ ಡ್ರಿಲ್ ಹೊಡೆದರೆ ಉರಿ ಸಮ ಬರುವುದಿಲ್ಲ, ಕೆಲವೊಮ್ಮೆ ಕೊಳವೆಯೊಳಗೇ ಹಿಂದಕ್ಕೆ ಹೊತ್ತಿಕೊಳ್ಳುತ್ತದೆ. ಪೆಟ್ಟಿಗೆ ಮಾಡಿಸಿ, ಬರ್ನರ್ ಮತ್ತು ಜೆಟ್ (ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಮೂತಿ) ಜೋಡಿಯಾಗಿ ಸಿದ್ಧವಿರುವುದನ್ನೇ ತನ್ನಿ. ಹಿಂಭಾಗದಲ್ಲಿ ಉದ್ದದ ಸಂದು, ತಳದಲ್ಲಿ ತೆರಪು ಎರಡೂ ಇರಲೇಬೇಕು. ಎಲ್ಪಿಜಿ ಗಾಳಿಗಿಂತ ಭಾರ. ಉರಿ ಆರಿದರೆ ತಳದಲ್ಲಿ ನಿಂತು, ಮತ್ತೆ ಕಿಡಿ ಹಚ್ಚಿದಾಗ ಮುಖಕ್ಕೆ ಬಡಿಯುತ್ತದೆ. ಹಚ್ಚುವಾಗ ಮುಚ್ಚಳ ತೆರೆದೇ ಇರಲಿ.

ಗ್ಯಾಸಿನ ಜೋಡಣೆಯಲ್ಲಿ ತಪ್ಪುವವರು ಬಹಳ. ಅಮೆರಿಕದ ಪ್ರೊಪೇನ್ ಗ್ರಿಲ್ಲುಗಳು ಸುಮಾರು 28 ಮಿಲಿಬಾರ್ ಒತ್ತಡಕ್ಕೆ ಮಾಡಿದವು, ನಮ್ಮ ಅಡುಗೆಮನೆ ರೆಗ್ಯುಲೇಟರ್ ಕೊಡುವುದೂ ಸುಮಾರು 30. ಜೆಟ್ ಬದಲಿಸಬೇಕಿಲ್ಲ, ಆದರೆ ಅಲ್ಲಿನ ರೆಗ್ಯುಲೇಟರ್ ನಮ್ಮ ಸಿಲಿಂಡರಿನ ಬಾಯಿಗೆ ಕೂರುವುದಿಲ್ಲ. ಅದನ್ನು ತೆಗೆದು ಇಲ್ಲಿನದನ್ನೇ ಹಾಕಿ. ಹೋಟೆಲ್ ಭಟ್ಟಿಯ ಹೈ ಪ್ರೆಶರ್ ರೆಗ್ಯುಲೇಟರ್ ಮಾತ್ರ ಬೇಡವೇ ಬೇಡ, ಉರಿ ಬರ್ನರ್ ಬಿಟ್ಟು ಮೇಲೇಳುತ್ತದೆ. ಪೈಪ್ ಗ್ಯಾಸ್‌ಗೆ ಮಾಡಿದ ಗ್ರಿಲ್ಲನ್ನು ಸಿಲಿಂಡರಿಗೆ ಸಿಕ್ಕಿಸಬೇಡಿ: ಅದರ ಜೆಟ್ಟಿನ ತೂತು ದೊಡ್ಡದು, ಹಳದಿ ಉರಿ, ಮಸಿ. ಕೊಳವೆ ಸುರಕ್ಷಾ ಹೋಸ್ ಆಗಿರಲಿ, ಐದು ವರ್ಷಕ್ಕೆ ಬದಲಿಸಿ, ಬಿಸಿ ಮೈಗೆ ತಾಗದಂತೆ ಎಳೆಯಿರಿ. ಪ್ರತಿ ಸಲ ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಬಂದರೆ ಅಲ್ಲೇ ನಿಲ್ಲಿಸಿ.

ಮೂರು ಬರ್ನರಿನ ಗ್ರಿಲ್ಲಿನಲ್ಲಿ ಮೂರನ್ನೂ ಪೂರ್ತಿ ತೆರೆದರೆ ಗಂಟೆಗೆ ಸುಮಾರು 700 ಗ್ರಾಂ ಗ್ಯಾಸ್. 14.2 ಕೆಜಿ ಸಿಲಿಂಡರ್ 20 ಗಂಟೆ, 5 ಕೆಜಿಯದ್ದು 7 ಗಂಟೆ. ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿಯಲ್ಲಿ 5 ಕೆಜಿಯದ್ದು ಮೈಮೇಲೆ ನೀರು ಬೆವರಿ, ಅರ್ಧಕ್ಕಿಂತ ಕಡಿಮೆಯಾದಾಗ ಉರಿ ಸಪ್ಪೆಯಾಗುತ್ತದೆ. ಗ್ಯಾಸ್ ಎಳೆಯುವ ವೇಗಕ್ಕೆ ಒಳಗಿನ ದ್ರವ ತಣ್ಣಗಾಗಿ ಆವಿ ಸಾಲದೆ ಬರುವುದರಿಂದ ಹೀಗಾಗುತ್ತದೆ, ಗ್ರಿಲ್ ಕೆಟ್ಟಿದ್ದಲ್ಲ. ಆಷಾಢದ ಗಾಳಿಗೆ ಗ್ರಿಲ್ಲಿನ ಬೆನ್ನು ಕೊಡಬೇಡಿ. ಹಿಂದಿನ ಸಂದಿನಿಂದ ನುಗ್ಗಿದ ಗಾಳಿ ಕಾವನ್ನು ಮುಂದಕ್ಕೆ ತಳ್ಳಿ ಉರಿ ತಿರುಗಿಸುವ ಗುಂಡಿಗಳನ್ನು ಕರಗಿಸುತ್ತದೆ.

ತಿಂಗಳುಗಟ್ಟಲೆ ಮುಚ್ಚಿಟ್ಟು ತೆಗೆದಾಗ ಉರಿ ಹಳದಿಯಾಗಿದ್ದರೆ ಜೇಡದ ಬಲೆ ಅಥವಾ ಕಣಜದ ಮಣ್ಣಿನ ಗೂಡು ಬರ್ನರಿನ ಬಾಯಲ್ಲಿ ಕಟ್ಟಿರುತ್ತದೆ. ಬರ್ನರ್ ಕಳಚಿ ಬಾಟಲಿ ಬ್ರಷ್ ತೂರಿಸಿ. ತೂತುಗಳ ಸಾಲಿಗೆ ಅಡ್ಡವಾಗಿ ಉಜ್ಜಿ, ಉದ್ದಕ್ಕೆ ಉಜ್ಜಿದರೆ ಕಸ ಪಕ್ಕದ ತೂತಿಗೆ ಸೇರುತ್ತದೆ. ಮತ್ತೆ ಕೂರಿಸುವಾಗ ಜೆಟ್ಟಿನ ಮೂತಿ ಕೊಳವೆಯ ಬಾಯೊಳಗೆ ನೆಟ್ಟಗೆ ಹೋಗಿದೆಯೇ ನೋಡಿ.

ದುಡ್ಡು ಕೊಡುವ ಮುನ್ನ ಬರ್ನರ್, ಅದರ ಮೇಲಿನ ತಗಡು, ಇಗ್ನೈಟರ್ (ಕಿಡಿ ಹಾರಿಸುವ ಭಾಗ), ಈ ಮೂರೂ ಬಿಡಿಯಾಗಿ ಸಿಗುತ್ತವೆಯೇ ಕೇಳಿ. ಸಿಗುವುದಿಲ್ಲ ಎಂದರೆ ಬೆಲೆ ಎಷ್ಟೇ ಇಳಿಸಲಿ, ಆ ಗ್ರಿಲ್ ಬೇಡ.