ನಮ್ಮ ಹಳೆಯ ಸ್ಯಾಂಟ್ರೋದ ಟೈಮಿಂಗ್ ಬೆಲ್ಟ್: ಮೀಟರ್ ಮಾತ್ರ ನೋಡಿದರೆ ಸಾಲದು

ನಮ್ಮ ಸ್ಯಾಂಟ್ರೋ ಝಿಂಗ್ 2009ರಲ್ಲಿ ಹೊಸದಾಗಿ ಮನೆಗೆ ಬಂದದ್ದು. ಹದಿನೈದು ವರ್ಷ ತುಂಬಿದಾಗ ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡೆವು. ಇಷ್ಟಾದರೂ ಒಂದು ಲಕ್ಷ ಕಿಲೋಮೀಟರ್ ಓಡಿಲ್ಲ. ನೀರ್ಚಾಲಿನಿಂದ ಬದಿಯಡ್ಕ ಪೇಟೆಗೆ, ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ, ಇದರ ಓಡಾಟ ಅಷ್ಟೇ. ಹೀಗೆ ಕಡಿಮೆ ಓಡುವ ಕಾರಿನವರೇ ಟೈಮಿಂಗ್ ಬೆಲ್ಟನ್ನು ಮರೆತುಬಿಡುವುದು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿಗೂ, ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ಕ್ಯಾಮಿಗೂ ತಾಳ ಕೂಡಿಸುವ ಹಲ್ಲಿನ ರಬ್ಬರ್ ಪಟ್ಟಿ ಅದು.

ಮೊದಲ ಬೆಲ್ಟನ್ನು 2015ರಲ್ಲಿ, 48,000 ಕಿಲೋಮೀಟರ್ ಆದಾಗ ಬದಲಿಸಿದೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಹಳೆಯದೇ ಇರಲಿ ಎಂದೆ. ಅದು ತಪ್ಪಾಯಿತು. ಎರಡೇ ವರ್ಷದಲ್ಲಿ, ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಸಣ್ಣಗೆ ಸಿಳ್ಳೆ ಹಾಕಿದಂಥ ಸದ್ದು ಶುರುವಾಯಿತು. ಟೆನ್ಷನರಿನ ಬೇರಿಂಗ್ ಸವೆದಿತ್ತು. ಬೆಲ್ಟಿನ ಕವರನ್ನು ಮತ್ತೆ ಬಿಚ್ಚಿಸಿ ಕೂಲಿಯನ್ನು ಎರಡನೆಯ ಸಲ ಕೊಟ್ಟೆ.

2022ರಲ್ಲಿ ನಮ್ಮ ಮೆಕ್ಯಾನಿಕ್ ತಾನಾಗಿಯೇ ಕೇಳಿದರು: "ಮಾಷೇ, ಬೆಲ್ಟ್ ಹಾಕಿ ಏಳು ವರ್ಷ ಆಯಿತಲ್ಲ?" ಅದು ಓಡಿದ್ದು ಬರೀ 36,000 ಕಿಲೋಮೀಟರ್ ಎಂದು ನಾನು ವಾದಿಸಿದೆ. ಅವರು ಕವರ್ ತೆಗೆದು, ಬೆಲ್ಟನ್ನು ಬಿಚ್ಚಿ ನನ್ನ ಕೈಗೇ ಕೊಟ್ಟರು. ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಹಿಂದಕ್ಕೆ ಬಗ್ಗಿಸಿದಾಗ ಮಾತ್ರ ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಬಿರುಕುಗಳು ಕಂಡವು. ಒಂದು ಅಂಚು ಎಣ್ಣೆಯಿಂದ ಜಿಡ್ಡಾಗಿತ್ತು, ಕ್ರ್ಯಾಂಕಿನ ಬಳಿ ಎಣ್ಣೆ ಹೊರಬಾರದಂತೆ ತಡೆಯುವ ಸೀಲ್ ಸೋರುತ್ತಿತ್ತು. ರಬ್ಬರ್ ಕಾರು ನಿಂತಿದ್ದಾಗಲೂ ಹಳತಾಗುತ್ತದೆ, ಎಂಜಿನ್ ಎಣ್ಣೆ ತಗಲಿದರೆ ಬೇಗನೇ ಹಾಳಾಗುತ್ತದೆ. ಕೆಲವು ಬೆಲ್ಟುಗಳು ಬಿರುಕನ್ನೇ ತೋರಿಸದೆ ತುಂಡಾಗುತ್ತವೆಯಂತೆ. ಹಾಗಾಗಿ ನೋಡಲು ಚೆನ್ನಾಗಿದೆ ಎಂಬ ಮಾತನ್ನು ನಾನು ಈಗ ನಂಬುವುದಿಲ್ಲ.

ಈ ಸಲ ಬೆಲ್ಟ್, ಟೆನ್ಷನರ್, ಸೀಲ್ ಮೂರನ್ನೂ ಕಂಪನಿಯ ಮೂಲ ಬಿಡಿಭಾಗಗಳಲ್ಲೇ ಹಾಕಿಸಿದೆ. ಕೂಲಿ ಸೇರಿ ನಾಲ್ಕು ಸಾವಿರದ ಆಸುಪಾಸು ಆಯಿತು. ಕೆಲಸ ಮುಗಿದರೂ ಅವರು ಕೀಲಿ ತಿರುಗಿಸಲಿಲ್ಲ. ಕ್ರ್ಯಾಂಕ್ ಬೋಲ್ಟಿಗೆ ಸ್ಪಾನರ್ ಹಾಕಿ ಎಂಜಿನನ್ನು ಕೈಯಿಂದಲೇ ನಿಧಾನವಾಗಿ ಎರಡು ಸುತ್ತು ತಿರುಗಿಸಿದರು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಕ್ರ್ಯಾಂಕ್ ಮತ್ತು ಕ್ಯಾಮ್ ಚಕ್ರಗಳ ಗುರುತುಗಳು ಮತ್ತೆ ಸರಿಯಾಗಿ ಕೂಡಿದ ಮೇಲೆಯೇ ಸ್ಟಾರ್ಟ್ ಮಾಡಿದ್ದು. ಬೆಲ್ಟ್ ಒಂದು ಹಲ್ಲು ಆಚೀಚೆಯಾದರೂ ಎಂಜಿನ್ನಿನ ಎಳೆತ ಕುಗ್ಗುತ್ತದೆ. ಅಂದಿನಿಂದ ಇಂದಿನವರೆಗೆ ಸದ್ದಿಲ್ಲ, ಸೋರಿಕೆಯಿಲ್ಲ.

ನಮ್ಮ ನೆರೆಯವರಿಗೆ ಈ ಭಾಗ್ಯವಿರಲಿಲ್ಲ. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವಾಗ ಅವರ ಹಳೆಯ ಕಾರು ಒಮ್ಮೆಲೇ ನಿಂತುಹೋಯಿತು. ಬೆಲ್ಟ್ ತುಂಡಾದಾಗ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ಮಾತ್ರ ಇನ್ನೂ ಓಡುತ್ತಿರುತ್ತದೆ, ತೆರೆದೇ ಉಳಿದ ವಾಲ್ವುಗಳಿಗೆ ಬಡಿಯುತ್ತದೆ. ಬಾಗಿದ ವಾಲ್ವುಗಳಿಗಾಗಿ ಸಿಲಿಂಡರ್ ಹೆಡ್ಡನ್ನೇ ಇಳಿಸಬೇಕಾಯಿತು.

ಎಲ್ಲ ಕಾರಿಗೂ ಈ ಚಿಂತೆಯಿಲ್ಲ. ಹ್ಯುಂಡೈಯದೇ 1.2 ಕಪ್ಪಾ ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಇರುವುದು ಚೈನು. ಬೆಲ್ಟ್ ಇರುವ ಕಾರಾದರೆ ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರನ್ನೂ ವರ್ಷವನ್ನೂ ನೋಡಿ, ಯಾವುದು ಮೊದಲು ಬರುತ್ತದೋ ಆಗಲೇ ಬದಲಿಸಿ. ಹಳೆಯ ಕಾರು ಕೊಂಡವರು, ಹಿಂದಿನವರ ಬಳಿ ಬಿಲ್ ಇಲ್ಲದಿದ್ದರೆ, ಬೆಲ್ಟ್ ಬದಲಿಸಿಯೇ ಇಲ್ಲವೆಂದು ತಿಳಿಯಿರಿ. ನಮ್ಮ ಕಾರಿನ ಬೆಲ್ಟ್ ಕವರಿನ ಮೇಲೆ ಮೆಕ್ಯಾನಿಕ್ ಬಿಳಿ ಪೇಂಟಿನಲ್ಲಿ 2022, 84,000 ಎಂದು ಬರೆದಿದ್ದಾರೆ. ಅದರ ಕೆಳಗೆ ನಾನು, ಮುಂದಿನ ಬದಲಾವಣೆಗೆಂದು, 2028 ಎಂದು ಸೇರಿಸಿದ್ದೇನೆ.